ಚೇಚಿಯ ಹೆಸರಿನ ಹುರುಳಿ ಸಾರು

ನೆಲ್ಯಾಡಿಯ ದೇವಮ್ಮನಿಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಬೇರೆಯವರು ಹೇಳಬೇಕಾಗಿಲ್ಲ, ಅವಳೇ ಹೇಳಿಕೊಳ್ಳುತ್ತಾಳೆ. ಪಕ್ಕದ ಮನೆಯ ಬಸಳೆ ತನ್ನ ಬಸಳೆಗಿಂತ ದಪ್ಪ ಬಂದರೆ ಆ ದಿನ ಅವಳಿಗೆ ಊಟ ಸೇರುವುದಿಲ್ಲ. ತಂಗಿಯ ಮಗಳಿಗೆ ಒಳ್ಳೆಯ ಸಂಬಂಧ ಕೂಡಿಬಂದಾಗ ಸಂತೋಷಪಟ್ಟಳು, ಸುಳ್ಳಲ್ಲ. ಆದರೆ ಮದುವೆ ಪಾಯಸಕ್ಕೆ ಬೆಲ್ಲ ಕಮ್ಮಿಯಾಗಿತ್ತು ಅಂತ ಕಂಡಕಂಡವರಿಗೆಲ್ಲ ಹೇಳಿದ ಮೇಲೇ ಸಮಾಧಾನವಾದದ್ದು. ಹಾಗಂತ ಕೆಟ್ಟ ಹೆಂಗಸಲ್ಲ ಮಾರಾಯ್ರೆ. ಯಾರಿಗಾದರೂ ಜ್ವರ ಬಂದರೆ ಗಂಜಿ ಹಿಡಿದುಕೊಂಡು ಮೊದಲು ಓಡುವವಳು ಅವಳೇ. ಅವಳ ಹಿಂದೆಯೇ ಇನ್ನೊಬ್ಬಳು ಗಂಜಿ ತಂದರೆ ಮುಖ ಊದಿಸಿಕೊಳ್ಳುವವಳೂ ಅವಳೇ.

ಹುರುಳಿ ಸಾರಿನ ವಿಷಯದಲ್ಲಿ ಮಾತ್ರ ಅವಳಿಗೆ ಯಾರನ್ನೂ ನೋಡಿ ಕರುಬುವ ಅಗತ್ಯ ಬಿದ್ದಿರಲಿಲ್ಲ. ಸುಳ್ಯದ ಕಡೆಯ ತವರಿನಿಂದ ಬಂದ ಸಾರು ಅದು. ಹುರುಳಿಯನ್ನು ಸೌದೆ ಒಲೆಯ ಮೇಲೆ ಗಂಟೆಗಟ್ಟಲೆ ಬೇಯಿಸಿ, ಬೆಳ್ಳುಳ್ಳಿಯನ್ನು ಕೆಂಡದಲ್ಲಿ ಸುಟ್ಟು ಜಜ್ಜಿ ಹಾಕಿ, ಕಪ್ಪಗೆ ಮಂದವಾಗುವವರೆಗೆ ಕುದಿಸುತ್ತಾಳೆ. ಗಂಡ ಕೂಸಪ್ಪನಿಗೆ ಸ್ವಂತದ್ದೊಂದಿಷ್ಟು ರಬ್ಬರ್ ತೋಟ ಉಂಟು. ಚಳಿಗಾಲದಲ್ಲೇ ಮರ ಹೆಚ್ಚು ಹಾಲು ಕೊಡುವುದು, ಚಳಿಗಾಲದಲ್ಲೇ ನಸುಕಿಗೆ ಎದ್ದು ಮರ ಕೆತ್ತಿ ಹಾಲಿಳಿಸುವ ಟ್ಯಾಪಿಂಗಿಗೆ ಹೋಗಬೇಕಾದದ್ದು. ಮುಗಿಸಿ ಬಂದವನು ಮರಗಟ್ಟಿದ ಕೈಗಳನ್ನು ಒಲೆಗೆ ಹಿಡಿದು, ಕುಚ್ಚಲಕ್ಕಿ ಗಂಜಿಗೆ ಆ ಸಾರು ಸುರಿದುಕೊಂಡು, ಒಂದು ಗುಟುಕು ಕುಡಿದು "ಹಾ..." ಅನ್ನುತ್ತಿದ್ದ. ಬೇರೆ ಹೊಗಳಿಕೆ ಅವನ ಬಾಯಿಯಿಂದ ಬಂದದ್ದೇ ಇಲ್ಲ. ದೇವಮ್ಮನಿಗೆ ಅಷ್ಟು ಸಾಕಿತ್ತು.

ಹಾಗಿರುವಾಗ ಏಲಿಯಮ್ಮ ಬಂದಳು. ಕೇರಳದಿಂದ ಬಂದು ಇಲ್ಲೇ ನೆಲೆಯೂರಿದ ಮನೆತನದವಳು, ವಿಧವೆ, ಕೂಸಪ್ಪನಿಗಿಂತ ಹಿರಿಯಳು. ಹೋದ ವರ್ಷ ಪಕ್ಕದ ತೋಟ ಕೊಂಡು, ಹಿತ್ತಲಲ್ಲಿ ಹೆಪ್ಪುಗಟ್ಟಿದ ರಬ್ಬರ್ ಹಾಲನ್ನು ಶೀಟ್ ಒತ್ತುವ ಮೆಷಿನ್ ಕೂರಿಸಿದಳು. "ದೂರ ಯಾಕೆ ಹೋಗ್ತೀರಿ ಕೂಸಪ್ಪಣ್ಣ, ಇಲ್ಲೇ ಒತ್ತಿ" ಅಂದಳು. ಶೀಟ್ ಒತ್ತಿ ಮುಗಿಯುವಷ್ಟರಲ್ಲಿ ಅವಳ ಅಡುಗೆಮನೆಯಿಂದ ಹಬೆಯಾಡುವ ಮರಗೆಣಸು, ಜೊತೆಗೆ ಬೆಂಕಿಖಾರದ ಗಾಂಧಾರಿ ಮೆಣಸಿನ ಚಟ್ನಿ ಬರುತ್ತಿತ್ತು. ಕೂಸಪ್ಪ ಅಲ್ಲೇ ಹೊಟ್ಟೆ ತುಂಬಿಸಿಕೊಂಡು ಮನೆಗೆ ಬರತೊಡಗಿದ.

"ಗಂಜಿ ಬಳಸ್ಲಾ?"

"ಬೇಡ ಮಾರಾಯ್ತಿ. ಚೇಚಿ ಗೆಣಸು ಕೊಟ್ರು. ಎಂತ ರುಚಿ ಗೊತ್ತುಂಟಾ! ಆ ಚಟ್ನಿಗೆ ಚಳಿ ಎಲ್ಲಿ ಹೋಯ್ತೋ."

ಚೇಚಿ ಅಂದರೆ ಮಲಯಾಳದಲ್ಲಿ ಅಕ್ಕ. ದೇವಮ್ಮನಿಗೂ ಅದು ಗೊತ್ತು. ಆದರೆ ಕಟ್ಟಿಕೊಂಡ ಹೆಂಡತಿಯನ್ನು ಮದುವೆಯಾದಂದಿನಿಂದ "ಏ, ಇಲ್ಲಿ ಕೇಳು" ಅಂತಲೇ ಕರೆದ ಗಂಡಸಿನ ನಾಲಿಗೆಗೆ ಅಷ್ಟು ಮೆತ್ತಗಿನ ಮಾತು ಎಲ್ಲಿಂದ ಬಂತು? ಮೈಯೆಲ್ಲ ಉರಿಯಿತು. ಆರಿದ ಗಂಜಿಯನ್ನು ದನದ ಬಾನಿಗೆ ಸುರಿದು, ಪಾತ್ರೆಯನ್ನು ಕುಕ್ಕಿದಳು. ಮರುದಿನವೂ ಅದೇ. ಅದರ ಮರುದಿನವೂ ಅದೇ.

ಒಂದು ಬೆಳಿಗ್ಗೆ ಏಲಿಯಮ್ಮ ಸ್ಟೀಲ್ ಡಬ್ಬಿಯಲ್ಲಿ ದೇವಮ್ಮನಿಗೂ ಗೆಣಸು ಕೊಟ್ಟು ಕಳಿಸಿದಳು. ದೇವಮ್ಮ ಅದನ್ನು ಕೋಳಿಗಳಿಗೆ ಹಾಕಿದಳು. ಡಬ್ಬಿ ತೊಳೆಯುವಾಗ ತಲೆಗೊಂದು ಉಪಾಯ ಹೊಳೆಯಿತು. ತನ್ನ ಸಾರನ್ನೇ ಈ ಡಬ್ಬಿಗೆ ತುಂಬಿ, ಏಲಿಯಮ್ಮನದ್ದು ಅಂತ ಬಡಿಸಿದರೆ? ಇಷ್ಟು ವರ್ಷ ಕುಡಿದ ಸಾರು, ಬಾಯಿಗಿಟ್ಟ ಕೂಡಲೇ "ಏ, ಇದು ನಿಂದಲ್ವಾ?" ಅಂತ ಕೇಳಿಯೇ ಕೇಳುತ್ತಾನೆ. ಕೇಳಲಿ, ಆಮೇಲೆ ಉಂಟು ಅವನಿಗೆ!

ಆ ರಾತ್ರಿ ಊಟಕ್ಕೆ ಕೂತಾಗ ಡಬ್ಬಿ ಮುಂದಿಟ್ಟಳು. "ನಿಮ್ಮ ಚೇಚಿ ಹುರುಳಿ ಸಾರು ಕಳಿಸಿದ್ದಾರೆ."

ಕೂಸಪ್ಪ ಸುರಿದುಕೊಂಡ. ಒಂದು ಗುಟುಕು ಕುಡಿದ. ದೇವಮ್ಮ ಅವನ ಮುಖವನ್ನೇ ನೋಡಿದಳು.

"ಅಬ್ಬಬ್ಬಾ!" ಅಂದ ಕೂಸಪ್ಪ. "ಸಾರು ಅಂದ್ರೆ ಇದು ಮಾರಾಯ್ತಿ! ನೀನೂ ಮಾಡ್ತೀಯ, ಇಲ್ಲ ಅಂತ ಅಲ್ಲ. ಆದ್ರೆ ಹೀಗೆ ಬರುದಿಲ್ಲ. ಚೇಚಿ ಎಂತ ಹಾಕ್ತಾರೋ ಏನೋ."

ಅಯ್ಯೋ ಶಿವನೇ! ಅದು ನಂದೇ ಅಂತ ಕಿರುಚಲು ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಹೇಳಿ ಎಂತ ಮಾಡುವುದು? ಎದುರಿಗೆ ಕೂತ ಮನುಷ್ಯನಿಗೆ ತನ್ನ ಕೈರುಚಿಯ ಗುರುತೇ ಇಲ್ಲ. ದುಃಖ ಒತ್ತರಿಸಿ ಬಂತು. ತಾನೇ ಮಾಡಿದ ಸಾರಿನ ಮೇಲೆ ಹೊಟ್ಟೆಕಿಚ್ಚು ಪಟ್ಟುಕೊಂಡು ಕೂತ ಹೆಂಗಸು ಈ ಮೂರು ತಾಲೂಕಿನಲ್ಲಿ ಇನ್ನೊಬ್ಬಳು ಇರಲಿಕ್ಕಿಲ್ಲ.

ಮರುದಿನ ಶೀಟ್ ಒತ್ತಿ ಬಂದ ಕೂಸಪ್ಪ ಉತ್ಸಾಹದಲ್ಲಿದ್ದ. "ಚೇಚಿಯ ಹತ್ರ ಹೇಳಿ ಬಂದಿದ್ದೇನೆ. ಮಧ್ಯಾಹ್ನ ಹೋಗು, ಸಾರು ಮಾಡುದು ಕಲಿಸ್ತಾರೆ."

ಹೋಗದೆ ಉಪಾಯವಿರಲಿಲ್ಲ. ಹೋಗದಿದ್ದರೆ ಯಾಕೆ ಅಂತ ಕೇಳುತ್ತಾನೆ. ಏಲಿಯಮ್ಮ ಮಣೆ ಹಾಕಿ ಕೂರಿಸಿ, ಎದುರು ನಿಂತು, ನಗು ತಡೆದುಕೊಂಡು ಕೇಳಿದಳು.

"ಸರಿ, ಹೇಳಿ ದೇವಮ್ಮ. ನಾನು ಸಾರಿಗೆ ಎಂತೆಲ್ಲ ಹಾಕಿದ್ದು?"

ದೇವಮ್ಮ ನೆಲ ನೋಡಿದಳು. ಏಲಿಯಮ್ಮನೇ ಮುಂದುವರಿಸಿದಳು.

"ನಾನು ಬಾಯಿ ತೆಗೀಲಿಕ್ಕೆ ಕೂಸಪ್ಪಣ್ಣ ಬಿಟ್ಟರಲ್ವಾ? ಹೊಗಳಿದ್ದೇ ಹೊಗಳಿದ್ದು. ನಾಳೆ ಬರ್ಲಿ, ಅದು ನಿಮ್ಮ ಹೆಂಡತಿಯದ್ದೇ ಸಾರು ಅಂತ ಹೇಳಿಬಿಡ್ತೇನೆ."

"ಬೇಡ!" ದೇವಮ್ಮ ಅವಳ ಕೈ ಹಿಡಿದುಕೊಂಡಳು. "ಹೇಳಿದ್ರೆ ಅವರು ನಗ್ತಾರೆ, ಅಷ್ಟೇ. ಗೊತ್ತಾಗ್ಲಿಲ್ಲ ಮಾರಾಯ್ತಿ ಅಂತ ನಗ್ತಾರೆ. ಅದನ್ನು ನನಗೆ ನೋಡ್ಲಿಕ್ಕೆ ಆಗುದಿಲ್ಲ. ಸಾರು ನಿಮ್ಮದೇ ಆಗಿರ್ಲಿ."

ಏಲಿಯಮ್ಮನ ನಗು ನಿಂತಿತು. ಚಹಾ ಮಾಡಿ ಕೊಟ್ಟಳು. ಇಬ್ಬರೂ ಕೂತು ಕುಡಿದರು. ಇವಳ ಚಹಾ ಕೂಡ ನನ್ನದಕ್ಕಿಂತ ಚೆನ್ನಾಗಿದೆಯಲ್ಲ ಅಂತ ದೇವಮ್ಮನಿಗೆ ಆಗಲೂ ಅನ್ನಿಸದೆ ಇರಲಿಲ್ಲ.

ಮರುದಿನ ಬೆಳಿಗ್ಗೆ ದೇವಮ್ಮ ಎಂದಿನ ಹುರುಳಿಯನ್ನು ಎಂದಿನ ಹಾಗೆ ಬೇಯಿಸಿದಳು, ಎಂದಿನ ಹಾಗೆ ಬೆಳ್ಳುಳ್ಳಿ ಸುಟ್ಟಳು. ಕಲಿತು ಬಂದ ಸಾರು ಹೇಗಾಗಿದೆ ಅಂತ ನೋಡಲು ಕೂಸಪ್ಪ ಆ ದಿನ ಚೇಚಿಯ ಗೆಣಸನ್ನೂ ಬೇಡವೆಂದು ಹಸಿದುಕೊಂಡೇ ಮನೆಗೆ ಬಂದ. ಚಳಿಗೆ ಕೈ ಉಜ್ಜಿಕೊಳ್ಳುತ್ತ ಒಲೆಯ ಹತ್ತಿರ ಕೂತು, ಬಿಸಿ ಗಂಜಿಗೆ ಸಾರು ಸುರಿದುಕೊಂಡು ಕುಡಿದ. ಇನ್ನೊಂದು ಸೌಟು ಹಾಕಿಸಿಕೊಂಡ. ಮತ್ತೊಂದು ಸೌಟೂ ಹಾಕಿಸಿಕೊಂಡ. ಕೊನೆಗೆ ಬಾಯಿ ಒರೆಸಿಕೊಂಡು, ಹೆಂಡತಿಗೆ ಬೇಸರವಾಗದಿರಲಿ ಅಂತ ಬಹಳ ಪ್ರೀತಿಯಿಂದಲೇ ಹೇಳಿದ.

"ಚೇಚಿಯದ್ದರಷ್ಟು ಬರ್ಲಿಲ್ಲ. ಆದ್ರೂ ಅಡ್ಡಿಲ್ಲ, ಮಾಡ್ತಾ ಮಾಡ್ತಾ ಬರ್ತದೆ."