ಕತ್ತರಿ ಅತ್ತೆಯ ಹಳದಿ ಈಜುಡುಗೆ

ಊಟದ ಮಧ್ಯೆ ನಮ್ಮ ಅತ್ತೆ, ತಾನು ದ್ವೀಪಕ್ಕೆ ಹೋಗುತ್ತೇನೆ ಎಂದಾಗ ಅಪ್ಪ ಮೊದಲು ಕೇಳಿದ್ದು, "ಅಲ್ಲಿ ಯಾರು ತೀರಿಕೊಂಡ್ರು?" ಎಂದು.

"ಯಾರೂ ಇಲ್ಲ. ಎಲ್ಲರೂ ಗಟ್ಟಿಮುಟ್ಟಾಗಿದ್ದಾರಂತೆ. ಅದಕ್ಕೇ ಹೋಗ್ತಿರೋದು."

"ಮತ್ತೆ ಮಂಡಿನೋವಿಗಾ? ಅಲ್ಲಿ ಏನಾದ್ರೂ ಔಷಧಿ ಕೊಡ್ತಾರಾ?"

"ಮಂಡಿ ಕುಣಿಯೋದಕ್ಕೆ ಬೇಕು. ನೋವಿದ್ರೂ ಪರವಾಗಿಲ್ಲ, ಕುಣಿಸ್ತೀನಿ."

ಅಣ್ಣನಿಗೆ ನೀರು ನೆತ್ತಿಗೇರಿತು. ಅವನ ಬೆನ್ನು ತಟ್ಟುತ್ತ ಅತ್ತಿಗೆಯೂ ಮುಸಿಮುಸಿ ನಕ್ಕಳು. ಅಪ್ಪ ನಗಲಿಲ್ಲ. ತಮಾಷೆ ಯಾವುದು ನಿಜ ಯಾವುದು ಎಂದು ತನ್ನ ಅಕ್ಕನ ಮುಖ ನೋಡಿ ತಿಳಿಯುವುದು ಅವನಿಗೆ ಚಿಕ್ಕಂದಿನಿಂದಲೂ ಆಗಿಲ್ಲ. ನನಗೆ ಮಾತ್ರ ಗೊತ್ತಾಯಿತು. ಹೊಸ ಬಟ್ಟೆಗೆ ಕತ್ತರಿ ಹಾಕುವ ಮೊದಲು ಅವಳ ತುಟಿ ಹೇಗೆ ಬಿಗಿಯುತ್ತದೋ ಅವತ್ತೂ ಹಾಗೇ ಬಿಗಿದಿತ್ತು.

ಅವಳು ಅಪ್ಪನ ಅಕ್ಕ. ಅರವತ್ತು ದಾಟಿದವಳು. ಮದುವೆ ಆಗಲಿಲ್ಲ, ಆಗಬೇಕೆಂದು ಒದ್ದಾಡಲೂ ಇಲ್ಲ. ಅಮ್ಮ ತೀರಿಕೊಂಡ ಮೇಲೆ ಅಣ್ಣನನ್ನೂ ನನ್ನನ್ನೂ ಸಾಕಿದವಳು ಅವಳೇ. ನಮ್ಮ ಮನೆಯ ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ಬೀದಿಗೆ ತೆರೆಯುವ ಕಿಟಕಿ, ಕಿಟಕಿಯ ಕೆಳಗೆ ಕಾಲಲ್ಲಿ ತುಳಿಯುವ ಯಂತ್ರ, ಗೋಡೆಯ ಪಕ್ಕ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಮೂಲೆಯಲ್ಲಿ ಗಿರಾಕಿಗಳು ಬಟ್ಟೆ ಬದಲಿಸಲು ಒಂದು ಪರದೆ. ಆ ಕೋಣೆಗೂ ಹಾಲ್‌ಗೂ ನಡುವೆ ಒಂದು ಬಾಗಿಲು ಇದೆ, ಆದರೆ ಅದನ್ನು ಯಾರೂ ಮುಚ್ಚಿದ್ದನ್ನು ನಾನು ನೋಡಿಲ್ಲ. ಬೀದಿಯವರೆಲ್ಲ ಅವಳನ್ನು ಕತ್ತರಿ ಅತ್ತೆ ಎನ್ನುತ್ತಾರೆ. ಕೈಯಲ್ಲಿರುವ ಕತ್ತರಿಗೋ ಬಾಯಲ್ಲಿರುವ ಕತ್ತರಿಗೋ, ಅದನ್ನು ಕೇಳುವ ಧೈರ್ಯ ಯಾರಿಗೂ ಇಲ್ಲ.

ಅವಳು ಹೊಲಿಯುವುದು ಹೆಚ್ಚಾಗಿ ಶಾಲೆಯ ಸಮವಸ್ತ್ರ. ಅವಳ ಅಂಗಡಿಗೆ ಎರಡು ಕಟ್ಟಳೆ. ಒಂದು, ಹಾಕಿ ತೋರಿಸದೆ ಯಾವ ಬಟ್ಟೆಯೂ ಹೊರಗೆ ಹೋಗುವಂತಿಲ್ಲ. ಗಿರಾಕಿ ಪರದೆಯಿಂದ ಹೊರಗೆ ಬಂದು ಕೈ ಮೇಲೆತ್ತಬೇಕು, ಬಗ್ಗಬೇಕು, ಕುಕ್ಕರುಗಾಲಲ್ಲಿ ಕೂತು ಏಳಬೇಕು. ದೊಡ್ಡ ದೊಡ್ಡ ಅಧಿಕಾರಿಗಳನ್ನೂ ಅವಳು ಹೀಗೆ ಕೂರಿಸಿ ಎಬ್ಬಿಸಿದ್ದಾಳೆ. ಎರಡನೆಯದು, ಪ್ರತಿ ಬಟ್ಟೆಯ ಒಳಗೂ ಹೊಲಿಗೆಯ ಪಕ್ಕದಲ್ಲಿ ಎರಡು ಬೆರಳು ಬಟ್ಟೆ ಮಡಚಿ ಬಿಡಬೇಕು. ಮುಂದೆ ಮೈ ಬೆಳೆದಾಗ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಳ್ಳಲು ಅದು ಬೇಕು. ಬಟ್ಟೆ ಉಳಿಸುವ ಆಸೆಗೆ ಅದನ್ನು ಬಿಡದ ದರ್ಜಿಗಳನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ.

ದ್ವೀಪದ ಹುಚ್ಚು ಹತ್ತಿಸಿದವನು ಒಬ್ಬ ಹಡಗಿನ ಅಡುಗೆಯವನು. ಪ್ಯಾಂಟಿನ ಸೊಂಟ ಬಿಗಿಯಾಯಿತೆಂದು ತಂದಿದ್ದ. ಅದು ಅತ್ತೆಯೇ ಹೊಲಿದ ಪ್ಯಾಂಟು, ಹಾಗಾಗಿ ಒಳಗೆ ಎರಡು ಬೆರಳು ಬಟ್ಟೆ ಕಾಯುತ್ತಿತ್ತು. ಅವಳು ಹೊಲಿಗೆ ಬಿಚ್ಚುತ್ತ ಕೂತಳು, ಅವನು ಕತೆ ಬಿಚ್ಚುತ್ತ ಕೂತ. ಆ ದ್ವೀಪದಲ್ಲಿ ಸಂಜೆಯಾದರೆ ದಂಡೆಯ ಮೇಲೆ ನಗಾರಿ ಬಾರಿಸುತ್ತಾರಂತೆ. ಮೀನು ಮಾರುವವರು, ಹಣ್ಣು ಮಾರುವವರು, ಮೊಮ್ಮಕ್ಕಳಿರುವ ಹೆಂಗಸರು, ಎಲ್ಲರೂ ಮರಳಿನ ಮೇಲೆ ಕುಣಿಯುತ್ತಾರಂತೆ. ಬೆವರಿದರೆ ಹಾಗೇ ಸಮುದ್ರಕ್ಕೆ ಇಳಿಯುತ್ತಾರಂತೆ. ಮತ್ತೆ ಬಂದು ಕುಣಿಯುತ್ತಾರಂತೆ.

"ಊಟ ಹೇಗಿರುತ್ತೆ?" ಎಂದು ಅತ್ತೆ ಕೇಳಿದ್ದಳು.

ಅವನು ತನ್ನ ಸೊಂಟ ತೋರಿಸಿದ. "ಇದನ್ನ ನೋಡಿದ ಮೇಲೂ ಕೇಳ್ತೀರಾ?"

ಅವತ್ತಿನಿಂದ ಅವಳು ಯಂತ್ರ ತುಳಿಯುವ ಲಯವೇ ಬದಲಾಯಿತು. ನೇರ ಹೊಲಿಗೆ ಹಾಕುವಾಗಲೂ ಕಾಲು ನಗಾರಿಯ ಹಾಗೆ ಬೀಳುತ್ತಿತ್ತು. ಯಾವ ಹಡಗು, ಎಲ್ಲಿ ಇಳಿಯಬೇಕು, ದಂಡೆಯ ಹತ್ತಿರ ಕೋಣೆ ಸಿಗುತ್ತದೆಯೇ, ಎಲ್ಲವನ್ನೂ ಅವನ ಹತ್ತಿರ ಕೆದಕಿ ಕೆದಕಿ ಕೇಳಿ ತಿಳಿದುಕೊಂಡಿದ್ದಳು. ಅಷ್ಟಾದ ಮೇಲೆಯೇ ಊಟದ ಮಧ್ಯೆ ಬಾಯಿ ಬಿಟ್ಟದ್ದು.

ನಮ್ಮ ಮನೆಯವರ ಬುದ್ಧಿ ನನಗೆ ಹೊಸದಲ್ಲ. ಮೊದಲು ನಗುತ್ತಾರೆ, ಆಮೇಲೆ ಬೈಯುತ್ತಾರೆ, ಕೊನೆಗೆ ಅದು ತಮ್ಮದೇ ಯೋಚನೆ ಎನ್ನುತ್ತಾರೆ. ಇಲ್ಲೂ ಹಾಗೇ ಆಯಿತು. ನಕ್ಕು, ಬೈದು ಮುಗಿದ ಮೇಲೆ ಅತ್ತಿಗೆ, "ಮಕ್ಕಳಿಗೂ ರಜಾ ಬರುತ್ತಲ್ಲ, ಎಲ್ಲರೂ ಹೋಗೋಣ" ಎಂದಳು. ಅಣ್ಣ, "ಬುಕ್ಕಿಂಗ್ ಎಲ್ಲ ನನಗೆ ಬಿಡಿ" ಎಂದು ಎದೆ ಉಬ್ಬಿಸಿದ. ಅಪ್ಪ, "ನನಗೆ ಗಲಾಟೆ ಆಗೋದಿಲ್ಲ, ಮಧ್ಯಾಹ್ನ ನಿದ್ದೆ ಬರುವಂಥ ಜಾಗ ನೋಡು" ಎಂದ. ಅಣ್ಣ ನೋಡಿದ. ದ್ವೀಪದ ಆಚೆ ತುದಿಯಲ್ಲಿ, ನಗಾರಿಯ ಸದ್ದು ಕೇಳದ ಕಡೆ, ಸುತ್ತ ಬೇಲಿ ಇರುವ ಒಂದು ವಸತಿಗೃಹ. ಎರಡು ಕೋಣೆ. ಒಂದರಲ್ಲಿ ಅಣ್ಣ ಅತ್ತಿಗೆ. ಇನ್ನೊಂದರಲ್ಲಿ ಅಪ್ಪ, ಅತ್ತೆ ಮತ್ತು ಅಣ್ಣನ ಅವಳಿ ಮಕ್ಕಳು. ಔಷಧಿ ಅಂಗಡಿಯಲ್ಲಿ ನನಗೆ ರಜೆ ಸಿಗುವುದಿಲ್ಲವೆಂದು ನನ್ನನ್ನು ಕೇಳದೆಯೇ ತೀರ್ಮಾನವಾಗಿತ್ತು.

"ಸಂಜೆ ನಾವಿಬ್ಬರೂ ಹೊರಗೆ ಸುತ್ತಾಡಿ ಬರಬಹುದು. ಅತ್ತೆ ಇರ್ತಾರಲ್ಲ, ಮಕ್ಕಳನ್ನ ನೋಡ್ಕೊಳ್ಳೋಕೆ," ಎಂದು ಅತ್ತಿಗೆ ಖುಷಿಯಾಗಿ ಹೇಳಿದಳು. ಅವಳ ಮನಸ್ಸಲ್ಲಿ ಕೆಟ್ಟದ್ದಿರಲಿಲ್ಲ. ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು.

ನಮ್ಮ ಅತ್ತೆ ಕುಣಿಯಲು ಹೊರಟಿದ್ದಳು. ಇವರು ಅವಳನ್ನು ಅದೇ ದ್ವೀಪಕ್ಕೆ ಕರೆದೊಯ್ದು, ಅದೇ ಸಂಜೆಯ ಹೊತ್ತಲ್ಲಿ, ಬಾಗಿಲು ಹಾಕಿದ ಕೋಣೆಯಲ್ಲಿ ಮಕ್ಕಳಿಗೆ ತುತ್ತಿಡಲು ಕೂರಿಸುವವರಿದ್ದರು. ಕತ್ತರಿ ಅತ್ತೆ ಸುಮ್ಮನಿದ್ದದ್ದು ನೋಡಿ ನನಗೆ ಹೆದರಿಕೆಯಾಯಿತು. ಇಷ್ಟಕ್ಕೇ ಸೋತಳೇ ಎಂದುಕೊಂಡೆ.

ಸೋತಿರಲಿಲ್ಲ. ಒಂದು ಭಾನುವಾರ ಪೇಟೆಯಿಂದ ಎಳೆದರೆ ಹಿಗ್ಗುವ ಬಟ್ಟೆ ತಂದಳು. ಕಣ್ಣು ಕೋರೈಸುವ ಹಳದಿ. ಮೇಜಿನ ಮೇಲೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಒಂದು ಸಲವೂ ಟೇಪು ಮುಟ್ಟದೆ ಕತ್ತರಿಸಿದಳು. ಬೀದಿಯವರ ಅಳತೆಯೆಲ್ಲ ಅವಳ ಬಾಯಲ್ಲೇ ಇರುತ್ತದೆ, ತನ್ನದು ಗೊತ್ತಿಲ್ಲದೆ ಇರುತ್ತದೆಯೇ ಎಂದು ನಾನೂ ಏನೂ ಕೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಈಜುಡುಗೆ ತಯಾರಾಯಿತು. ಅವಳು ಪರದೆಯ ಹಿಂದೆ ಹೋದಳು.

ಬಹಳ ಹೊತ್ತು ಪರದೆ ಅಲುಗಾಡಿತು. ಒಂದು ಮೊಣಕೈ ಹೊರಗೆ ಬಂತು, ಒಳಗೆ ಹೋಯಿತು. ಗೋಡೆಗೆ ಏನೋ ಬಡಿಯಿತು.

"ಏನಾಯ್ತು ಅತ್ತೆ?"

"ತೊಡೆ ದಾಟಿ ಮೇಲೆ ಬರ್ತಿಲ್ಲ ಕಣೇ."

ಅವಳ ನೆನಪಲ್ಲಿದ್ದದ್ದು ಹೊಲಿಗೆ ಕಲಿಯಲು ಹೋದಾಗ ಅವಳ ಮೇಷ್ಟ್ರು ತೆಗೆದ ಅಳತೆ. ಆಗ ಅವಳಿಗೆ ಇನ್ನೂ ಎರಡು ಜಡೆ. ಅದಾದ ಮೇಲೆ ಅವಳ ಮೈಗೆ ಯಾರೂ ಟೇಪು ಹಿಡಿದಿಲ್ಲ, ಅವಳೂ ಹಿಡಿದುಕೊಂಡಿಲ್ಲ. ತನಗೆ ಬೇಕಾದ ನಿಲುವಂಗಿಗಳನ್ನು ಅಂದಾಜಿನ ಮೇಲೆ ದೊಗಳೆಯಾಗಿ ಹೊಲಿದುಕೊಂಡು ಕಾಲ ತಳ್ಳಿದ್ದಳು. ಆ ಹಳೆಯ ಅಳತೆಯಲ್ಲೂ ಹಿಗ್ಗುವ ಬಟ್ಟೆಯೆಂದು ಇನ್ನಷ್ಟು ಕಡಿಮೆ ಮಾಡಿ ಕತ್ತರಿಸಿದ್ದಳು.

ನನಗೆ ನಗು ಬಂತು. ಅವಳಿಗೂ ಬಂದಿರಬೇಕು, ಒಳಗಿಂದ ಒಂದು ಸದ್ದು ಕೇಳಿಸಿತು. ಪರದೆ ಸರಿಸಿ ನೋಡಿದರೆ ಅವಳು ಅಳುತ್ತಿದ್ದಳು. ನಿಲುವಂಗಿ ಮತ್ತೆ ಹಾಕಿಕೊಂಡು, ಈಜುಡುಗೆಯನ್ನು ಒಳಮೈ ಹೊರಗೆ ಮಾಡಿ ಹೊಲಿಗೆ ನೋಡುತ್ತ ಕೂತಿದ್ದಳು.

"ಬಿಚ್ಚಿ ಅಗಲ ಮಾಡೋಣ ಅಂದ್ರೆ ಒಳಗೆ ಬಟ್ಟೇನೇ ಇಲ್ಲ. ಊರವರಿಗೆಲ್ಲ ಎರಡು ಬೆರಳು ಬಿಟ್ಟಿದ್ದೀನಿ. ನನಗೆ ಒಂದು ನೂಲೂ ಬಿಟ್ಕೊಂಡಿಲ್ಲ ನೋಡು. ಬಿಡಬೇಕು ಅಂತ ಹೊಳೀಲೇ ಇಲ್ಲ," ಎಂದಳು.

ಅಷ್ಟರಲ್ಲಿ ಹಾಲ್‌ನಿಂದ ಅಣ್ಣನ ದನಿ ಬಂತು. "ಬಟ್ಟೇನೇ ಬೇಡ ಅಂತಿದೆ ಅತ್ತೆ! ಈ ವಯಸ್ಸಲ್ಲಿ ಯಾಕೆ ಬೇಕು ಇದೆಲ್ಲ? ದಡದಲ್ಲಿ ಮಕ್ಕಳ ಚಪ್ಪಲಿ ಕಾಯ್ಕೊಂಡು ಕೂತ್ಕೋ ಸಾಕು!"

ಅಪ್ಪ ನಕ್ಕ. ಅತ್ತಿಗೆಯೂ ನಕ್ಕಳು.

ಅತ್ತೆ ಸೆರಗಿಲ್ಲದ ಆ ನಿಲುವಂಗಿಯ ತೋಳಿನಿಂದ ಮೂಗು ಒರೆಸಿಕೊಂಡು ಎದ್ದು ನಿಂತಳು. ಕತ್ತಿನಲ್ಲಿದ್ದ ಟೇಪು ತೆಗೆದು ನನ್ನ ಕೈಗೆ ಕೊಟ್ಟಳು. ಅದನ್ನು ಅವಳು ಬೇರೆಯವರ ಕೈಗೆ ಕೊಟ್ಟದ್ದನ್ನು ನಾನು ಕಂಡದ್ದು ಅವತ್ತೇ.

"ಅಳತೆ ತೆಗಿ. ಎದೆ, ಸೊಂಟ, ಕುಂಡಿ, ತೊಡೆ, ಎಲ್ಲ. ಒಂದೊಂದನ್ನೂ ಗಟ್ಟಿಯಾಗಿ ಹೇಳು. ಹಾಲ್‌ಗೆ ಕೇಳಿಸಲಿ."

ನಾನು ಕೂಗಿ ಹೇಳಿದೆ. ಎದೆಯ ಅಳತೆಗೆ ಅಣ್ಣ ಕೆಮ್ಮಿದ. ಸೊಂಟದ ಅಳತೆಗೆ ಅಪ್ಪನ ಪತ್ರಿಕೆ ಸರಸರ ಸದ್ದು ಮಾಡಿತು. ಕುಂಡಿಯ ಅಳತೆ ಹೇಳುವಾಗ ನನ್ನ ದನಿ ಕಿಟಕಿ ದಾಟಿ ಬೀದಿಗೂ ಹೋಗಿರಬೇಕು, ಎದುರುಮನೆಯ ಹೆಂಗಸು ಬಟ್ಟೆ ಒಣಹಾಕುವುದನ್ನು ನಿಲ್ಲಿಸಿ ನಮ್ಮ ಕಡೆ ತಿರುಗಿದಳು. ಅತ್ತೆ ಅವಳಿಗೆ ಕೈ ಬೀಸಿದಳು. ಕೊನೆಯ ಅಳತೆ ಮುಗಿದ ಮೇಲೆ ಎಲ್ಲವನ್ನೂ ಒಂದೇ ಉಸಿರಿಗೆ ತಾನೇ ಒಪ್ಪಿಸಿ ಹಾಲ್‌ಗೆ ನಡೆದಳು.

"ಆ ವಸತಿಗೃಹದಲ್ಲಿ ನನ್ನ ಹೆಸರು ತೆಗೆಸು. ನಾನು ನಿಮ್ಮ ಜೊತೆ ಬರೋದಿಲ್ಲ. ಮುಂದಿನ ವಾರದ ಹಡಗಿಗೆ ಒಬ್ಬಳೇ ಹೋಗ್ತೀನಿ. ನಗಾರಿ ಬಾರಿಸೋ ಕಡೆ ಇಳೀತೀನಿ," ಎಂದಳು.

ಅತ್ತಿಗೆಯ ಮುಖ ಸಪ್ಪಗಾಯಿತು. "ಅಯ್ಯೋ ಅತ್ತೆ, ಮತ್ತೆ ಅಲ್ಲಿ ಮಕ್ಕಳನ್ನ ಯಾರು ನೋಡ್ಕೋತಾರೆ?"

"ಹೆತ್ತವರು."

ಅಪ್ಪ ಪತ್ರಿಕೆ ಕೆಳಗಿಟ್ಟ. "ಒಬ್ಬಳೇ ಹೋಗಿ ಈಜುಡುಗೆ ಹಾಕ್ಕೊಂಡು ಕುಣೀತೀಯ? ಜನ ಏನಂತಾರೆ ಅಕ್ಕ?"

"ಈ ಬೀದಿ ಜನರ ಅಳತೆಯೆಲ್ಲ ನನ್ನ ಹತ್ರ ಇದೆ. ಏನಾದ್ರೂ ಅಂದ್ಕೊಳ್ಳಲಿ, ಮುಂದಿನ ಬಟ್ಟೆಗೆ ಇಲ್ಲಿಗೇ ಬಂದು ಕುಕ್ಕರುಗಾಲಲ್ಲಿ ಕೂರಬೇಕು."

"ಇಷ್ಟು ವರ್ಷ ಮನೇಲಿಟ್ಟುಕೊಂಡು ನೋಡ್ಕೊಂಡಿದ್ದಕ್ಕೆ ಇದಾ ನೀನು ಕೊಡೋ ಮರ್ಯಾದೆ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕೈ ಅಡ್ಡ ಹಿಡಿದಳು. ಅವಳ ದನಿ ಏರಲಿಲ್ಲ.

"ಯಾರು ಯಾರನ್ನ ನೋಡ್ಕೊಂಡ್ರು ಅಂತ ನೀನೇ ಕೂತು ಯೋಚನೆ ಮಾಡು ತಮ್ಮಾ. ನಾನು ಹಡಗಿಂದ ವಾಪಸ್ ಬಂದ ಮೇಲೆ ಹೇಳುವಿಯಂತೆ."

ಅಪ್ಪ ಮಾತು ಬಿಟ್ಟ. ಅಣ್ಣ ಮುಖ ಊದಿಸಿಕೊಂಡು ಓಡಾಡಿದ. ಅತ್ತೆ ಇಬ್ಬರಿಗೂ ಸೊಪ್ಪು ಹಾಕಲಿಲ್ಲ. ಪೇಟೆಯಲ್ಲಿ ಆ ಹಳದಿ ಮುಗಿದಿತ್ತು, ಅದಕ್ಕೆ ಕೆಂಪು ತಂದಳು. ಹಳದಿಯ ಎರಡೂ ಪಕ್ಕ ಬಿಚ್ಚಿ, ಕಂಕುಳಿನಿಂದ ತೊಡೆಯವರೆಗೆ ಅಗಲವಾದ ಕೆಂಪು ಪಟ್ಟಿ ಕೂರಿಸಿದಳು. ಕಾಲು ಮತ್ತೆ ನಗಾರಿಯ ಲಯದಲ್ಲಿ ಯಂತ್ರ ತುಳಿಯಿತು.

ಹೊರಡುವ ಹಿಂದಿನ ದಿನ ಎಲ್ಲರೂ ಹಾಲ್‌ನಲ್ಲಿದ್ದೆವು. ಪರದೆ ಸರಿದ ಸದ್ದಾಯಿತು. ಅತ್ತೆ ಈಜುಡುಗೆ ಹಾಕಿಕೊಂಡು ಬಂದು ಹಾಲ್‌ನ ನಡುವೆ ನಿಂತಳು. ಅವಳ ತೋಳು, ಮಂಡಿ, ಮಂಡಿಯ ಹಿಂದಿನ ನೀಲಿ ನರಗಳು, ಇದ್ಯಾವುದನ್ನೂ ನಾವು ಯಾರೂ ಸರಿಯಾಗಿ ನೋಡಿರಲಿಲ್ಲ.

"ಹಾಕಿ ತೋರಿಸದೆ ಈ ಮನೆಯಿಂದ ಯಾವ ಬಟ್ಟೇನೂ ಹೊರಗೆ ಹೋಗಿಲ್ಲ. ನೋಡಿ," ಎಂದಳು.

ಕೈ ಮೇಲೆತ್ತಿದಳು. ಬಗ್ಗಿದಳು. ಮಂಡಿ ಲಟಕ್ಕೆಂದರೂ ಕುಕ್ಕರುಗಾಲಲ್ಲಿ ಕೂತು, ಯಾರ ಕೈಯನ್ನೂ ಹಿಡಿಯದೆ ಎದ್ದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ಒಂದು ಸುತ್ತು ಕುಣಿದಳು. ಅವಳಿ ಮಕ್ಕಳು ಕುರ್ಚಿಯಿಂದ ಜಿಗಿದು ತಾವೂ ಕುಣಿದವು. ಅತ್ತಿಗೆ ಮೊದಲು ಬಾಯಿಗೆ ಕೈ ಅಡ್ಡ ಹಿಡಿದಳು, ಆಮೇಲೆ ಅದೇ ಕೈಯಲ್ಲಿ ತಾಳ ಹಾಕಿದಳು. ಅಣ್ಣ ನೆಲ ನೋಡುತ್ತಿದ್ದ. ಅಪ್ಪ ಪತ್ರಿಕೆಯ ಮೇಲಂಚಿನಿಂದ ಇಣುಕಿ, "ಕೆಂಪು ಒಪ್ಪುತ್ತೆ" ಎಂದ. ವಾರದಲ್ಲಿ ಅವನು ಅಕ್ಕನಿಗೆ ಆಡಿದ ಮೊದಲ ಮಾತು ಅದು.

"ಗೊತ್ತು," ಎಂದಳು ಅತ್ತೆ.

ಸಂಜೆ ಪೆಟ್ಟಿಗೆ ತುಂಬಲು ನಾನು ಕೂತೆ. ಈಜುಡುಗೆಯನ್ನು ಮಡಚುವಾಗ ಕೈಗೆ ಏನೋ ದಪ್ಪಗೆ ಸಿಕ್ಕಿತು. ಒಳಮೈ ತಿರುಗಿಸಿ ನೋಡಿದೆ. ಎರಡೂ ಪಕ್ಕದ ಹೊಲಿಗೆಯ ಉದ್ದಕ್ಕೂ ಕೆಂಪು ಬಟ್ಟೆಯನ್ನು ನೀಟಾಗಿ ಒಳಗೆ ಮಡಚಿ ಬಿಟ್ಟಿದ್ದಳು. ಬೆರಳಿಟ್ಟು ನೋಡಿದೆ. ಎರಡಲ್ಲ, ಮೂರು ಬೆರಳು.

"ಬೆಳೆಯೋ ಮಕ್ಕಳಿಗೂ ನೀನು ಇಷ್ಟು ಬಿಟ್ಟಿದ್ದು ನಾನು ನೋಡಿಲ್ಲ ಅತ್ತೆ. ಇದು ಯಾಕೆ?"

ಅವಳು ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದಳು.

"ಅಲ್ಲಿ ಊಟ ಚೆನ್ನಾಗಿರುತ್ತಂತೆ ಕಣೇ. ನಾನು ಇದೇ ಅಳತೇಲಿ ವಾಪಸ್ ಬರೋದಿಲ್ಲ," ಎಂದಳು.