ಟ್ರಂಕಿನ ಮುಚ್ಚಳದ ಬುಧವಾರ

ಇಲ್ಲ, ಆ ಟ್ರಂಕನ್ನು ತೆರೆದದ್ದು ಅಜ್ಜಂಪುರದ ದೊಡ್ಡಮ್ಮನ ಮನೆಯ ಹಿತ್ತಲಲ್ಲಿ ಇರಬೇಕು. ಜಗುಲಿ ಎಂದು ಎಷ್ಟೋ ಸಲ ಹೇಳಿದ್ದರಿಂದ ಈಗ ಜಗುಲಿಯೇ ಕಾಣುತ್ತದೆ. ಮುಚ್ಚಳದ ಒಳಮೈಯಲ್ಲಿ ಅಮ್ಮನ ಅಪ್ಪ ಬಿಳಿ ಬಣ್ಣದಲ್ಲಿ ಮನೆಯ ಹುಟ್ಟುಸಾವುಗಳನ್ನು ಬರೆದಿದ್ದರು. ಒಂದು ಸಾಲು, ನನಗಿಂತ ಮೊದಲು ಹುಟ್ಟಿ ಹೆಸರಿಡುವ ಮುಂಚೆಯೇ ಹೋದ ಅಕ್ಕನದು. ಸಂವತ್ಸರದ ಹೆಸರು, ಆಷಾಢ ಬಹುಳ ಪಂಚಮಿ, ಬುಧವಾರ ಬೆಳಗಿನ ಜಾವ ಹೆಣ್ಣು. ಪಕ್ಕದಲ್ಲೇ: ಗುರುವಾರ ಹೊತ್ತೇರಿದ ಮೇಲೆ ತೀರಿತು.

ನಾನು ಕಡೂರಿನ ಮನೆಯಲ್ಲಿ ಕೂತು ತರೀಕೆರೆಯ ಒಂದು ಕ್ಯಾಲೆಂಡರ್ ಪ್ರೆಸ್ಸಿಗೆ ತಿಥಿಗಳನ್ನು ಇಂಗ್ಲಿಷ್ ತಾರೀಖಿಗೆ ಬದಲಿಸುವ ಪ್ರೋಗ್ರಾಂ ಬರೆಯುತ್ತೇನೆ. ಅಮ್ಮನಿಗೆ ಅಷ್ಟು ಸಾಕಾಯಿತು.

"ಊರೋರ್ಗೆಲ್ಲ ತಾರೀಕ್ ಹುಡುಕ್ಕೊಡ್ತೀಯ, ನನ್ ಮಗೀದೂ ನೋಡೇ. ನಮ್ಮವ್ವ 'ಎರಡ್ ಗಳಿಗೇನೂ ಇರ್ಲಿಲ್ಲ' ಅನ್ನೋಳು. ಸುಳ್ಳು ಕಣೇ. ಸಾಯಂಕಾಲ ಸಾಂಬ್ರಾಣಿ ಹಾಕಿದ್ರು, ಹೊಗೆಗೆ ಸೀನ್ತು. ನನ್ ಮಗ್ಲಲ್ಲೇ ಇತ್ತು."

ಪಂಚಾಂಗದ ದಿನ ಸೂರ್ಯೋದಯಕ್ಕೆ ಬದಲಾಗುತ್ತದೆ, ಕಂಪ್ಯೂಟರಿನದು ಮಧ್ಯರಾತ್ರಿಗೆ. ಪ್ರೋಗ್ರಾಂನಲ್ಲಿ ಎರಡಕ್ಕೂ ಆಯ್ಕೆ ಇಟ್ಟವಳು ನಾನೇ. ಮಧ್ಯರಾತ್ರಿ ಎಂದು ಒತ್ತಿದರೆ ಅಕ್ಕ ಬುಧವಾರ ನಸುಕಿಗೆ ಹುಟ್ಟಿ ಒಂದು ಹಗಲು, ಒಂದು ರಾತ್ರಿ ಬದುಕಿದಳು. ಸೂರ್ಯೋದಯ ಎಂದು ಒತ್ತಿದರೆ ಬುಧವಾರದ ಬೆಳಗಿನ ಜಾವ ಎಂದರೆ ಗುರುವಾರದ ನಸುಕು; ಬದುಕಿದ್ದು ಮೂರು ನಾಲ್ಕು ಗಂಟೆ. ಆ ವರ್ಷ ಎರಡೂ ನಸುಕಿನಲ್ಲಿ ಪಂಚಮಿಯೇ ಇತ್ತು, ತಿಥಿಯಿಂದಲೂ ತಿಳಿಯುವಂತಿರಲಿಲ್ಲ.

ದೊಡ್ಡಮ್ಮನಿಗೆ ಫೋನ್ ಮಾಡಿದೆ. ಅಕ್ಕ ಹುಟ್ಟಿದಾಗ ಅವರು ಬುಕ್ಕಾಂಬುಧಿಯಲ್ಲಿ, ಗಂಡನ ಮನೆಯಲ್ಲಿದ್ದರು. ಬಂದಾಗ ಎಲ್ಲ ಮುಗಿದಿತ್ತು.

"ತಾತ ಯಾವ ಲೆಕ್ಕದಲ್ಲಿ ಬರೀತಿದ್ರು ದೊಡ್ಡಮ್ಮ?"

"ಅಪ್ಪ ರೈಲ್ವೆ ಸ್ಟೇಷನ್ನಲ್ಲಿದ್ದೋರು. ಗಡಿಯಾರ ನೋಡ್ದೆ ಉಚ್ಚೆಗೂ ಏಳ್ತಿರ್ಲಿಲ್ಲ. ರಾತ್ರಿ ಹನ್ನೆರ್ಡಕ್ಕೇ ತಾರೀಕು ಬದ್ಲಾಯ್ಸೋರು."

"ಹಾಗಾದ್ರೆ..."

"ತಡಿಯೇ. ಮನೇಗ್ ಬಂದ್ರೆ ಪಂಚಾಂಗ ನೋಡ್ದೆ ಕ್ಷೌರನೂ ಮಾಡಿಸ್ಕೊಂತಿರ್ಲಿಲ್ಲ."

"ಟ್ರಂಕಿಗೆ ಬರೆಯೋವಾಗ?"

"ಅದ್ನ ಅಪ್ಪನ್ನೇ ಕೇಳ್ಬೇಕಿತ್ತು. ನೀನ್ ತಡವಾಗಿ ಹುಟ್ದೆ, ಏನ್ ಮಾಡಾಣ!"

ಮುಚ್ಚಳದ ಉಳಿದ ಸಾಲುಗಳನ್ನೂ ಹಾಕಿ ನೋಡಿದೆ. ಉಳಿದವರೆಲ್ಲ ಹಗಲಲ್ಲಿ ಹುಟ್ಟಿ ಹಗಲಲ್ಲೇ ತೀರಿದವರು, ನಾನಂತೂ ಮಟಮಟ ಮಧ್ಯಾಹ್ನ. ಹಗಲಿಗೆ ಎರಡೂ ಲೆಕ್ಕ ಒಂದೇ; ಒಂದೂ ಉಪಯೋಗಕ್ಕೆ ಬರಲಿಲ್ಲ. ಆ ಸಾಂಬ್ರಾಣಿ ನಾನು ಹುಟ್ಟಿದಾಗಿನದಿರಬಹುದು, ಸೀನಿದ್ದು ನಾನೇ ಇರಬಹುದು. ಇದನ್ನು ಅಮ್ಮನಿಗೆ ಹೇಳಲಿಲ್ಲ. ಅಥವಾ ಹೇಳಿದೆನೋ ಏನೋ, ಅವಳು ಎದ್ದು ಒಳಗೆ ಹೋದದ್ದು ನೆನಪಿದೆ.

ತಿರುಗಿ ಬಂದು ಪರದೆಯ ಕಡೆ ನೋಡಿದಳು. "ಏನಂತೆ?"

"ಬುಧವಾರ ಅಂತ ಇದೆ."

"ಅದು ನಂಗೂ ಗೊತ್ತು. ಸಾಯಂಕಾಲ ಇತ್ತಾ?"

ನಾನು ಒಂದು ಆಯ್ಕೆ ಒತ್ತಿದೆ, ಮತ್ತೆ ಇನ್ನೊಂದನ್ನು ಒತ್ತಿದೆ. ಅಕ್ಕನಿಗೆ ಒಂದು ಸಾಯಂಕಾಲ ಸಿಕ್ಕಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.