ಮೆತ್ತಗಾದ ಕ್ಲಚ್ಚು

ನಾನು ನಿಂತದ್ದು ಬನಹಟ್ಟಿಯ ನಮ್ಮ ಮನೆಯ ಕಟ್ಟೆಯ ಕೆಳಗೆ, ತಮ್ಮನ ಕಾರಿನ ಎಡಗಡೆಯ ಮುಂದಿನ ಗಾಲಿಯಿಂದ ಮೂರು ಹೆಜ್ಜೆ ದೂರದಲ್ಲಿ. ಹೋದ ಚಳಿಗಾಲದ ಒಂದು ಗುರುವಾರ. ಬೆಳಗಿನ ಒಂಬತ್ತಕ್ಕೆ ಹತ್ತು ನಿಮಿಷ ಕಡಿಮೆ ಇತ್ತು. ಮೊಬೈಲಿನಲ್ಲಿ ಹೊತ್ತು ನೋಡಿ ಜೇಬಿಗೆ ಹಾಕಿಕೊಂಡದ್ದು ನೆನಪಿದೆ.

ಅಕ್ಕನನ್ನು ಅನಗವಾಡಿಗೆ, ಅವಳ ಗಂಡನ ಮನೆಗೆ, ಬಿಟ್ಟುಬರುವುದಿತ್ತು. ದೂರ ಹೊರಟಾಗ ಮುಂದಿನ ಎರಡೂ ಗಾಲಿಗಳ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ಗಾಡಿ ಅವನ್ನು ತುಳಿದುಕೊಂಡು ಒಂದೇ ಓಟಕ್ಕೆ ಹೊರಡಬೇಕು. ಅದಕ್ಕೆಂದೇ ತಮ್ಮ ಎಂಜಿನ್ ಚಾಲೂ ಮಾಡಿ, ಹ್ಯಾಂಡ್‌ಬ್ರೇಕ್ ಇಳಿಸಿ, ಮೊದಲನೇ ಗೇರಿಗೆ ಹಾಕಿ, ಕ್ಲಚ್ ಒತ್ತಿಕೊಂಡು ಕಾಯುತ್ತಿದ್ದ. ಯಾವಾಗಲೂ ಹಾಗೇ ಮಾಡುತ್ತಿದ್ದ. ಕಟ್ಟೆಯ ಮೇಲೆ ಅವ್ವ, ಎದುರು ಮನೆಯ ಬಾಗಿಲಲ್ಲಿ ನೇಕಾರ ನಿಂತು ನೋಡುತ್ತಿದ್ದರು.

"ತಡೀಲೇ, ನನ್ನ ಕಳಸೂ ಅವಸರ ಭಾಳ ಐತಿ ನಿನಗ" ಎಂದಳು ಅಕ್ಕ.

"ಇನ್ನೆರಡು ದಿನ ಇದ್ದರ ಉಪ್ಪಿನಕಾಯಿ ಭರಣಿ ಖಾಲಿ ಆಗತೈತಿ ಬೇ" ಎಂದ ತಮ್ಮ.

ಅಕ್ಕ ಬಲಗಡೆಯ ಹಣ್ಣು ಇಟ್ಟು ಎಡಕ್ಕೆ ಬಂದಳು. ಕುಕ್ಕರಗಾಲಿನಲ್ಲಿ ಕೂತು ಕೈ ಚಾಚಿದಳು. ಆಗ ಗಾಲಿ ತಿರುಗಿತು. ಒಂದು ಬೆರಳಿನಷ್ಟು, ಇನ್ನೊಂದು ಬೆರಳಿನಷ್ಟು. ಎದುರು ಮನೆಯ ಮಗ್ಗಗಳ ಸಪ್ಪಳದಲ್ಲಿ ಅದರ ಸದ್ದು ಕೇಳಲಿಲ್ಲ. ಅಕ್ಕನ ಸೆರಗಿನ ತುದಿ ಟೈರಿನ ಕೆಳಗೆ ಹೋಯಿತು. ಏಳಲು ನೋಡಿದಳು; ಸೆರಗು ಅವಳನ್ನು ಗಾಲಿಯ ಕಡೆಗೇ ಎಳೆಯಿತು.

ನಾನು ಬಾನೆಟ್ಟಿನ ಮೇಲೆ ಗುದ್ದಿದೆ. "ಬಂದ್ ಮಾಡಲೇ! ಗಾಡಿ ಬರಾಕತ್ತೈತಿ!"

"ಕ್ಲಚ್ ಒತ್ತೇ ಹಿಡಿದೀನಲ್ಲೋ ಅಣ್ಣಾ!" ಎಂದು ತಮ್ಮ ಇನ್ನೂ ಜೋರಾಗಿ ಒತ್ತಿದ. ಅವನ ಎಡಗಾಲು ಪೆಡಲನ್ನು ತಳಕ್ಕೆ ಮುಟ್ಟಿಸಿತ್ತು. ಕಾರು ನಿಲ್ಲಲಿಲ್ಲ.

ಅಕ್ಕನ ರಟ್ಟೆ ಹಿಡಿದು ಎಳೆದೆ. ಸೆರಗು ಹರಿಯಿತು. ಅಷ್ಟರಲ್ಲಿ ತಮ್ಮ ಬ್ರೇಕ್ ತುಳಿದ. ಕಾರು ಜಗ್ಗಿ ಎಂಜಿನ್ ಬಂದಾಯಿತು. ಅಕ್ಕನ ಬಳೆ ಒಡೆದು ಮಣಿಕಟ್ಟಿನಿಂದ ರಕ್ತ ಬಂದಿತ್ತು. ಐದೂ ಬೆರಳು ಇದ್ದವು. ನಾನು ಎರಡು ಸಲ ಎಣಿಸಿದೆ.

ಹತ್ತೂವರೆಗೆ ಗ್ಯಾರೇಜಿನ ಮೇಸ್ತ್ರಿ ಬಂದ. ಎಂಜಿನ್ ಹಚ್ಚಲಿಲ್ಲ. ಬಾನೆಟ್ಟು ಎತ್ತಿ ಕ್ಲಚ್ಚಿನ ಎಣ್ಣೆಯ ಡಬ್ಬಿ ನೋಡಿದ; ಕಡಿಮೆಯಾಗಿರಲಿಲ್ಲ. ಪೆಡಲಿನ ಕೆಳಗಿನ ಚಾಪೆ ಎತ್ತಿ ಸವರಿದ, ಒಣಗಿತ್ತು. ಕಾರಿನ ಕೆಳಗೆ ನುಸುಳಿ ಆ ಎಣ್ಣೆಯ ಕೊಳವೆ ಮುಟ್ಟಿ ಬಂದ. ಅಲ್ಲೂ ಹನಿ ಇರಲಿಲ್ಲ. ಆಮೇಲೆ ತಮ್ಮನಿಗೆ, "ನಾಕ ಸಲ ಪಟಪಟ ಒತ್ತರಿ. ಈಗ ಗಟ್ಟಿ ಆತಿಲ್ಲೋ? ಹಂಗ ಒತ್ತಿ ಹಿಡೀರಿ, ಬಿಡಬ್ಯಾಡ್ರಿ" ಎಂದ.

ಕಾಲ ಕೆಳಗಿನ ಬಿಗಿ ನಿಧಾನವಾಗಿ ಸತ್ತುಹೋಯಿತು. ಅದನ್ನು ತಮ್ಮನ ಮುಖದಲ್ಲೇ ಕಂಡೆ.

"ಎಣ್ಣಿ ಹೊರಗ ಸೋರಿಲ್ಲರಿ. ಪೆಡಲ ಒತ್ತಿದರ ಎಣ್ಣಿ ದೂಡೋ ಸಿಲಿಂಡರಿನಾಗಿನ ರಬ್ಬರ ಸವದೈತಿ. ಎಣ್ಣಿ ಒಳಗಿಂದೊಳಗ ಹಿಂದಕ್ಕ ಜಾರತೈತಿ. ನೀವು ಕಾಲ ತೆಗೀದಿದ್ದರೂ ಕ್ಲಚ್ ತಾನ ಹಿಡದು ಗಾಡಿ ಮುಂದಕ್ಕ ಹೋಗತೈತಿ. ಯಾವಾಗಿಂದ ಮೆತ್ತಗಿತ್ತರಿ?"

"ಇವತ್ತ ಗೊತ್ತಾತರಿ" ಎಂದ ತಮ್ಮ.

ಹಿಂದಿನ ದಿನ ಮಹಾಲಿಂಗಪುರಕ್ಕೆ ಆ ಕಾರು ಒಯ್ದದ್ದು ನಾನು. ಪೆಡಲು ಮೆತ್ತಗಿತ್ತು, ಗೇರು ಎರಡು ಸಲ ಕರಕರ ಅಂದಿತ್ತು. ನೋಯುವ ಮೊಣಕಾಲಿಗೆ ಆರಾಮವಾಯಿತೆಂದು ಖುಷಿಪಟ್ಟು, ಯಾರಿಗೂ ಹೇಳದೆ ಕೀಲಿಯನ್ನು ಮೊಳೆಗೆ ಹಾಕಿದ್ದೆ. ಈಗಲೂ ನಿಂತ ಗಾಡಿಯ ಮುಂದೆ ಯಾರಾದರೂ ಬಗ್ಗಿದರೆ ಮೊದಲು ಕೀಲಿ ತೆಗೆಯಲು ಕೂಗುತ್ತೇನೆ. ತಮ್ಮನಿಗೆ ಇದನ್ನು ಹೇಳಿದ್ದು ಹೋದ ವಾರ. ಅವನು ಎದ್ದು ಹೋಗಿ ಮೊಳೆಯ ಮೇಲಿನ ಕೀಲಿಯನ್ನು ತನ್ನ ಜೇಬಿಗೆ ಹಾಕಿಕೊಂಡ.

ನನ್ನ ಮಾತು ನಂಬದವರು ಕೇಳಿ ನೋಡಬಹುದು: ಗಾಲಿ ತಿರುಗಿದ್ದನ್ನು ಕಂಡವರು ನನ್ನ ಹೊರತು ಇಬ್ಬರು. ಕಟ್ಟೆಯ ಮೇಲಿದ್ದ ನಮ್ಮ ಅವ್ವ ಬೇಸಿಗೆಯಲ್ಲಿ ತೀರಿಕೊಂಡಳು. ಎದುರು ಮನೆಯ ನೇಕಾರ, ಮಗ್ಗ ಬಿಟ್ಟು ಬಾಗಿಲಿಗೆ ಬಂದಿದ್ದವನು, ಇನ್ನೂ ಇದ್ದಾನೆ. ಅಕ್ಕ ಇದ್ದಾಳೆ, ಅವಳು ಗಾಲಿ ನೋಡಿರಲಿಲ್ಲ, ಹಣ್ಣನ್ನು ನೋಡುತ್ತಿದ್ದಳು.